ಟೆಸ್ಟರ್ ಉರಿಯದಿದ್ದರೆ ಕರೆಂಟ್ ಇಲ್ಲ ಎಂದೇ ಅರ್ಥವೇ?

ನಮ್ಮ ಫ್ಯಾಮಿಲಿ ಗ್ರೂಪಿಗೆ ಇತ್ತೀಚೆಗೆ ಒಂದು ಫಾರ್ವರ್ಡ್ ಬಂತು. ಸಣ್ಣಪುಟ್ಟ ರಿಪೇರಿಗೆಲ್ಲ ಎಲೆಕ್ಟ್ರಿಷಿಯನ್‌ನನ್ನು ಕರೆದು ದುಡ್ಡು ದಂಡ ಮಾಡಬೇಡಿ, ಟೆಸ್ಟರ್ ಇಟ್ಟು ನೋಡಿ, ದೀಪ ಉರಿಯದಿದ್ದರೆ ಧೈರ್ಯವಾಗಿ ವೈರ್ ಮುಟ್ಟಿ ಎಂಬುದು ಅದರ ಸಾರಾಂಶ. ಕೆಳಗೆ ನಾಲ್ಕೈದು ಹೆಬ್ಬೆರಳುಗಳ ಮೆಚ್ಚುಗೆ ಬೇರೆ. ಟೆಸ್ಟರ್ ಇಟ್ಟು ನೋಡುವುದು ಒಳ್ಳೆಯದೇ. ಆದರೆ 'ಉರಿಯದಿದ್ದರೆ ಮುಟ್ಟಿ' ಎಂಬ ಮಾತನ್ನು ನಂಬಿದರೆ ಪ್ರಾಣಕ್ಕೇ ಕುತ್ತು. ಯಾಕೆ ಎಂದು ತಿಳಿಯಲು ಟೆಸ್ಟರ್ ಒಳಗೆ ಏನಿದೆ ಎಂದು ನೋಡಬೇಕು.

ನಲವತ್ತು ಐವತ್ತು ರೂಪಾಯಿಗೆ ಸಿಗುವ ಸ್ಕ್ರೂಡ್ರೈವರ್ ರೂಪದ ಟೆಸ್ಟರ್‌ನಲ್ಲಿ ಇರುವುದು ನಾಲ್ಕೇ ವಸ್ತು: ಲೋಹದ ಕಡ್ಡಿ, ಒಂದು ರೆಸಿಸ್ಟರ್, ಪುಟ್ಟ ನಿಯಾನ್ ದೀಪ, ಒಂದು ಸ್ಪ್ರಿಂಗ್. ತುದಿ ಫೇಸ್ ವೈರ್‌ಗೆ ತಾಗಿದಾಗ ಕರೆಂಟ್ ಇವೆಲ್ಲವನ್ನೂ ದಾಟಿ, ಹಿಂದಿನ ಲೋಹದ ಮುಚ್ಚಳದ ಮೇಲಿರುವ ನಿಮ್ಮ ಬೆರಳಿಗೆ ಬರುತ್ತದೆ. ಅಲ್ಲಿಂದ ದೇಹದ ಮೂಲಕ ನೆಲಕ್ಕೆ. ಹೌದು, ದೀಪ ಉರಿಯುವಾಗ ಸರ್ಕ್ಯೂಟ್‌ನ ಒಂದು ಭಾಗ ನೀವೇ. ಆದರೂ ಗೊತ್ತಾಗುವುದಿಲ್ಲ, ಏಕೆಂದರೆ ಆ ರೆಸಿಸ್ಟರ್ ಸುಮಾರು 10 ಲಕ್ಷ ಓಮ್‌ನಷ್ಟು ತಡೆ ಒಡ್ಡುತ್ತದೆ. ನಮ್ಮ ಮನೆಯ 230 ವೋಲ್ಟ್‌ನಲ್ಲೂ ಹರಿಯುವುದು 0.2 ಮಿಲಿ ಆಂಪಿಯರ್ ಆಸುಪಾಸು ಮಾತ್ರ. ಮೈಗೆ ಜುಮ್ಮೆನ್ನಲು ಸುಮಾರು 1 ಮಿಲಿ ಆಂಪಿಯರ್ ಬೇಕು. 10 ದಾಟಿದರೆ ಸ್ನಾಯುಗಳು ಬಿಗಿದು, ಹಿಡಿದ ವೈರನ್ನು ಬಿಡಲಾಗದೆ ಹೋಗಬಹುದು. 50ರಿಂದ 100ರ ಹೊತ್ತಿಗೆ ಹೃದಯದ ಲಯವೇ ತಪ್ಪುವ ಅಪಾಯ.

ಅಂದರೆ ನಿಮಗೂ ಸಾವಿಗೂ ನಡುವೆ ಇರುವುದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ರೆಸಿಸ್ಟರ್. ಕೆಲವರು ಟೆಸ್ಟರ್ ಬಿಚ್ಚಿದಾಗ ಆ ತುಂಡು ಕಳೆದುಹೋದರೆ ಅದರ ಜಾಗಕ್ಕೆ ತಂತಿ ತುರುಕುವುದುಂಟು. ದಯವಿಟ್ಟು ಬೇಡ. ನೀರಲ್ಲಿ ಬಿದ್ದ, ಪ್ಲಾಸ್ಟಿಕ್ ಬಿರುಕು ಬಿಟ್ಟ ಟೆಸ್ಟರ್ ಕೂಡ ಕಸದ ಬುಟ್ಟಿಗೇ ಸರಿ, ಒಳಗಿನ ತೇವವೇ ಕರೆಂಟಿಗೆ ಅಡ್ಡದಾರಿ ಆಗಬಹುದು.

ಸುಳ್ಳು ಹೇಳುವ ದೀಪ

ಕರೆಂಟ್ ಇದ್ದರೂ ದೀಪ ಉರಿಯದಿರಲು ಕಾರಣಗಳು ಬೇಕಾದಷ್ಟಿವೆ. ನಿಯಾನ್ ಹಾಳಾಗಿರಬಹುದು, ಸ್ಪ್ರಿಂಗ್ ಸಡಿಲವಾಗಿರಬಹುದು, ಬೆರಳು ಮುಚ್ಚಳಕ್ಕೆ ಸರಿಯಾಗಿ ತಾಗಿರದೇ ಇರಬಹುದು. ನೀವು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚಪ್ಪಲಿ ಹಾಕಿ ನಿಂತಿದ್ದರೆ ನೆಲಕ್ಕೆ ದಾರಿ ಸಿಗದೆ ಬೆಳಕು ತೀರಾ ಮಂಕಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಆ ಮಂಕು ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ತಮಾಷೆ ಎಂದರೆ, ಶಾಕ್ ಹೊಡೆಯಬಾರದೆಂದು ನಾವು ಮಾಡಿಕೊಳ್ಳುವ ಏರ್ಪಾಡೇ ಟೆಸ್ಟರ್‌ನ ಕಣ್ಣು ಕಟ್ಟುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಗೊಂದಲದ್ದು. ಮನೆಯೊಳಗೆ ಎಲ್ಲೋ ನ್ಯೂಟ್ರಲ್ ವೈರ್ ತುಂಡಾಗಿದೆ ಎಂದುಕೊಳ್ಳಿ. ಬಲ್ಬು ಉರಿಯುವುದಿಲ್ಲ, ಫ್ಯಾನ್ ತಿರುಗುವುದಿಲ್ಲ. 'ಕರೆಂಟೇ ಇಲ್ಲ' ಎಂದು ನಾವು ನಿರ್ಧರಿಸುತ್ತೇವೆ. ಆದರೆ ಫೇಸ್ ಫ್ಯಾನಿನ ತನಕ ಬಂದು, ಅದರೊಳಗಿಂದ ಹಾದು, ಆ ಕಡೆಯ ನ್ಯೂಟ್ರಲ್ ತುಂಡಿನಲ್ಲಿ ಕಾದು ಕೂತಿರುತ್ತದೆ. ಟೆಸ್ಟರ್ ಇಟ್ಟರೆ ಸಾಕೆಟ್‌ನ ಎರಡೂ ರಂಧ್ರಗಳಲ್ಲಿ ದೀಪ ಉರಿಯುತ್ತದೆ. ಇದನ್ನು 'ಡಬಲ್ ಕರೆಂಟ್' ಎನ್ನುವವರಿದ್ದಾರೆ. ಅಂಥದ್ದೇನೂ ಇಲ್ಲ, ವಾಪಸು ಹೋಗುವ ದಾರಿ ಕಡಿದಿದೆ ಅಷ್ಟೇ. ಆದರೆ ಕಪ್ಪು ವೈರ್ ನ್ಯೂಟ್ರಲ್, ಅದು ಏನೂ ಮಾಡುವುದಿಲ್ಲ ಎಂದು ಮುಟ್ಟಿದವರಿಗೆ ಶಾಕ್ ಹೊಡೆಯುವುದು ಖಂಡಿತ.

ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಜೋಡಿಸಿರುವುದೂ ಉಂಟು. ಅಲ್ಲಿ ಸ್ವಿಚ್ ಆಫ್ ಮಾಡಿದರೂ ಬಲ್ಬ್ ಹೋಲ್ಡರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಮೇನ್ ಆಫ್ ಮಾಡಿದರೆ ಸಾಕೇ?

ಯುಪಿಎಸ್ ಇರುವ ಮನೆಯಲ್ಲಿ ಸಾಲದು. ನನ್ನ ಮಟ್ಟಿಗೆ ಜನ ಅತಿ ಹೆಚ್ಚು ಮರೆಯುವ ವಿಷಯ ಇದೇ. ನೀವು ಮೇನ್ ಇಳಿಸಿದ ಕ್ಷಣಕ್ಕೆ ಯುಪಿಎಸ್ 'ಓ, ಪವರ್ ಕಟ್' ಎಂದು ತಿಳಿದು, ಬ್ಯಾಟರಿಯಿಂದ ಕರೆಂಟ್ ಕೊಡಲು ಶುರು ಮಾಡುತ್ತದೆ. ಒಂದೇ ಸ್ವಿಚ್‌ಬೋರ್ಡಿನ ಹಿಂದೆ ಮೇನ್‌ನ ವೈರ್ ಸತ್ತಿರುತ್ತದೆ, ಪಕ್ಕದ ಯುಪಿಎಸ್ ವೈರ್ ಜೀವಂತವಾಗಿರುತ್ತದೆ. ಎರಡನ್ನೂ ಆಫ್ ಮಾಡಿ, ಯಾರೂ ಮತ್ತೆ ಹಾಕದಂತೆ ಮನೆಯವರಿಗೆ ಹೇಳಿ, ಆಮೇಲೆ ಬೋರ್ಡ್ ಬಿಚ್ಚಬೇಕು.

ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಅದು ಬೀಳುತ್ತದೆ ಎಂಬ ನಂಬಿಕೆಯೂ ತಪ್ಪು. 16 ಆಂಪಿಯರ್ ಎಂಸಿಬಿ ಇರುವುದು ವೈರ್ ಸುಡದಂತೆ ಕಾಯಲು, ಮನುಷ್ಯನನ್ನು ಕಾಯಲು ಅಲ್ಲ. ಆ ಕೆಲಸಕ್ಕೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಬೇಕು. ಅದಕ್ಕೂ ಮಿತಿಯಿದೆ. ಕರೆಂಟ್ ನೆಲಕ್ಕೆ ಸೋರಿದರೆ ಅದು ಹಿಡಿಯುತ್ತದೆ. ಸ್ಟೂಲ್ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಅದರ ಲೆಕ್ಕದಲ್ಲಿ ನೀವೂ ಒಂದು ಬಲ್ಬ್. ಎಲೆಕ್ಟ್ರಿಷಿಯನ್‌ಗಳು ಸಾಧ್ಯವಾದಷ್ಟು ಒಂದೇ ಕೈಯಲ್ಲಿ ಪರೀಕ್ಷಿಸಲು ಹೇಳುವುದು ಇದೇ ಕಾರಣಕ್ಕೆ. ಎರಡು ಕೈಗಳ ನಡುವೆ ಹರಿಯುವ ಕರೆಂಟ್ ಎದೆಯನ್ನು ದಾಟಿಯೇ ಹೋಗಬೇಕು.

ಹಾಗಾದರೆ ಟೆಸ್ಟರ್ ಬಳಸುವುದು ಹೇಗೆ? ಕರೆಂಟ್ ಇದೆ ಎಂದು ಖಚಿತವಾಗಿ ಗೊತ್ತಿರುವ ಸಾಕೆಟ್‌ನಲ್ಲಿ ಮೊದಲು ಇಟ್ಟು ನೋಡಿ. ಮೂರು ಪಿನ್ನಿನ ಸಾಕೆಟ್‌ನಲ್ಲಿ ದೊಡ್ಡ ರಂಧ್ರ ಮೇಲಿದ್ದರೆ ಸಾಮಾನ್ಯವಾಗಿ ನಿಮ್ಮ ಬಲಗೈ ಕಡೆಯದು ಫೇಸ್. ದೀಪ ಉರಿದರೆ ಟೆಸ್ಟರ್ ಸರಿಯಿದೆ. ಆಮೇಲೆ ಆಫ್ ಮಾಡಿದ ಜಾಗದಲ್ಲಿ ಕೆಂಪು, ಕಪ್ಪು, ಹಸಿರು ಎಲ್ಲ ವೈರ್‌ಗಳನ್ನೂ ಪರೀಕ್ಷಿಸಿ. ಕೊನೆಗೆ ಮತ್ತೆ ಮೊದಲಿನಂತೆ ಕರೆಂಟ್ ಇರುವ ಜಾಗದಲ್ಲಿ ಇಟ್ಟು, ನಡುವೆ ಟೆಸ್ಟರ್ ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಬೆರಳು ಹಿಂದಿನ ಮುಚ್ಚಳದ ಮೇಲೆ ಮಾತ್ರ, ಕಡ್ಡಿಯ ಮೇಲೆ ಎಂದೂ ಬೇಡ.

ಮಲ್ಟಿಮೀಟರ್ ಇದಕ್ಕಿಂತ ನಂಬಿಕಸ್ಥ, ಆದರೆ ತಪ್ಪಿದರೆ ಇನ್ನೂ ಒರಟು. ಕೆಂಪು ಪ್ರೋಬನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಚುಚ್ಚಿ ಸಾಕೆಟ್‌ಗೆ ಇಟ್ಟರೆ ಮೀಟರ್ ಬರೀ ತಂತಿಯಂತೆ ವರ್ತಿಸುತ್ತದೆ. ಶಾರ್ಟ್ ಆಗಿ ಪ್ರೋಬ್ ತುದಿ ಕೈಯಲ್ಲೇ ಸಿಡಿಯಬಹುದು. ಅಗ್ಗದ ಎಷ್ಟೋ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸ್ ಕೂಡ ಇರುವುದಿಲ್ಲ. ಕಪ್ಪು ಪ್ರೋಬ್ ಕಾಮನ್‌ಗೆ, ಕೆಂಪು ವೋಲ್ಟ್‌ಗೆ, ನಾಬ್ ಎಸಿ 600 ಅಥವಾ 750ಕ್ಕೆ ತಿರುಗಿಸಿದ ಮೇಲಷ್ಟೇ ಸಾಕೆಟ್ ಹತ್ತಿರ ಹೋಗಿ. ಪ್ರೋಬ್ ವೈರ್ ಸೀಳಿದ್ದರೆ ಟೇಪ್ ಸುತ್ತದೆ ಹೊಸದು ತನ್ನಿ.

ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಮೊದಲು ಮೇನ್ ಮತ್ತು ಯುಪಿಎಸ್ ಆಫ್, ಆಮೇಲೆ ಅವರನ್ನು ಮುಟ್ಟುವುದು, 108ಕ್ಕೆ ಕರೆ. ಬೀದಿಯಲ್ಲಿ ತುಂಡಾಗಿ ಬಿದ್ದ ವೈರ್‌ಗೆ ಮನೆಯ ಟೆಸ್ಟರ್ ಹಿಡಿದು ಹೋಗಬೇಡಿ, ದೂರ ನಿಂತು 1912ಕ್ಕೆ ತಿಳಿಸಿ. ಅಂದಹಾಗೆ, ಆ ಫಾರ್ವರ್ಡ್ ಕಳಿಸಿದ ಚಿಕ್ಕಪ್ಪನ ಮನೆಯಲ್ಲೂ ಯುಪಿಎಸ್ ಇದೆ. ಈ ಲೇಖನದ ಲಿಂಕ್ ಮೊದಲು ಹೋಗುವುದು ಅವರಿಗೇ.