ನಿಂತ ಯಂತ್ರವೆಲ್ಲ ಕೆಟ್ಟ ಯಂತ್ರವಲ್ಲ

ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ವಿದ್ಯುತ್ತಿನ ಚಂಚಲ ಸ್ವಭಾವವನ್ನು ವಿವರಿಸಿ ಹೇಳಬೇಕಾದುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಆಷಾಢದ ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿತೆಂದರೆ ಒಳಗಿನ ಹಳ್ಳಿಗಳು ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ, ಕತ್ತಲೆಯಲ್ಲಿರುತ್ತವೆ. ಕಣ್ಣುಳ್ಳ ವಿದ್ಯಾರ್ಥಿ ಆಗ ಮೇಣದ ಬತ್ತಿ ಹಚ್ಚಿಕೊಂಡು ಪುಸ್ತಕ ತೆರೆಯುತ್ತಾನೆ. ಅಂಧ ವಿದ್ಯಾರ್ಥಿಗೆ ಕತ್ತಲೆ ಒಂದು ತೊಡಕೇ ಅಲ್ಲ. ಆದರೆ ಅವನ ಪುಸ್ತಕವೇ ವಿದ್ಯುತ್ತಿನಿಂದ ನಡೆಯುವ ಯಂತ್ರವಾಗಿದ್ದರೆ? ಬ್ಯಾಟರಿ ಬರಿದಾದ ಕ್ಷಣದಲ್ಲಿ ಅವನ ಬೆರಳಡಿಯ ಅಕ್ಷರಗಳೆಲ್ಲ ಅಡಗಿಹೋಗುತ್ತವೆ.

ಈ ಯಂತ್ರಕ್ಕೆ ಬ್ರೈಲ್ ನೋಟ್‌ಟೇಕರ್ ಎಂದು ಹೆಸರು. ಲೂಯಿ ಬ್ರೈಲ್ (1809–1852) ರೂಪಿಸಿದ ಆರು ಚುಕ್ಕೆಗಳ ಲಿಪಿಯಲ್ಲಿ 63 ಆಕೃತಿಗಳುಂಟು. 1951ರಲ್ಲಿ ಅಂಗೀಕೃತವಾದ ಭಾರತಿ ಬ್ರೈಲ್ ಕ್ರಮದಂತೆ ಕನ್ನಡವನ್ನೂ ಅವುಗಳಲ್ಲಿಯೇ ಬರೆಯಬಹುದು. ಯಂತ್ರದ ಮೇಲೆ ಬರೆಯಲು ಆರು ಮುಖ್ಯ ಕೀಲಿಗಳೂ, ಓದಲು ಏರಿಳಿಯುವ ಸಣ್ಣ ಮೊಳೆಗಳ ಒಂದು ಸಾಲೂ ಇರುತ್ತವೆ. ಹೆಚ್ಚಿನ ಯಂತ್ರಗಳಲ್ಲಿ ಈ ಮೊಳೆಗಳನ್ನೆತ್ತುವುದು ವಿದ್ಯುತ್ತು ತಗಲಿದೊಡನೆ ಬಾಗುವ ತೆಳುಪಟ್ಟಿ. ಕ್ಯೂರಿ ಸಹೋದರರು 1880–81ರಲ್ಲಿ ಹರಳುಗಳಲ್ಲಿ ತೋರಿಸಿಕೊಟ್ಟ ಪೀಜೋವಿದ್ಯುತ್ ಗುಣವೇ ಇದಕ್ಕೆ ಆಧಾರ. ಪಟ್ಟಿ ಬಾಗಲು ಸುಮಾರು 200 ವೋಲ್ಟ್ ಬೇಕು. ಒಂದು ಲಿಥಿಯಂ-ಅಯಾನ್ ಕೋಶ ಕೊಡುವುದು ಸುಮಾರು 3.7 ವೋಲ್ಟ್ ಮಾತ್ರ. ಈ ಅಂತರವನ್ನು ಒಳಗಿನ ವಿದ್ಯುನ್ಮಂಡಲವು ತುಂಬಿಕೊಡುತ್ತದೆ. ಹೀಗೆ ಇಡೀ ಯಂತ್ರದ ಜೀವ ಆ ಪುಟ್ಟ ಕೋಶದಲ್ಲಿದೆ.

ಇಂಥ ಯಂತ್ರ ಒಂದು ದಿನ ಮೌನವಾದರೆ ಮನೆಯವರು, ಉಪಾಧ್ಯಾಯರು, ಕೆಲವೊಮ್ಮೆ ಬಳಸುವವನೂ, “ಕೆಟ್ಟುಹೋಯಿತು” ಎಂದು ತೀರ್ಮಾನಿಸಿ ಅದನ್ನು ಪೆಟ್ಟಿಗೆಯಲ್ಲಿಟ್ಟುಬಿಡುತ್ತಾರೆ. ಈ ತೀರ್ಮಾನ ಅವಸರದ್ದೆಂದು ನಮ್ಮ ಅಭಿಪ್ರಾಯ. ಬ್ಯಾಟರಿ ಬರಿದಾಗಿರಬಹುದು, ಒಳಗಿನ ಕಾರ್ಯಕ್ರಮ ನಡುವೆ ಸಿಕ್ಕಿಕೊಂಡಿರಬಹುದು, ಧ್ವನಿಯ ಮಟ್ಟವು ಸೊನ್ನೆಗೆ ಇಳಿದಿರಲೂಬಹುದು. ಕಣ್ಣುಳ್ಳವನಿಗೆ ಸಣ್ಣ ದೀಪವೊಂದು ಈ ಭೇದವನ್ನು ಹೇಳುತ್ತದೆ. ಅಂಧನಿಗೆ ಮೂರೂ ಒಂದೇ ಮೌನ. ಆದುದರಿಂದ ಅವನಿಗೆ ಬೇಕಾದುದು ಕೈಗೂ ಕಿವಿಗೂ ಎಟಕುವ ಪರೀಕ್ಷಾಕ್ರಮ.

ಮೊದಲು ಮೊಳೆಗಳ ಸಾಲನ್ನು ಮುಟ್ಟಿ ನೋಡಬೇಕು. ಅವು ಎದ್ದು ನಿಂತಿದ್ದು ಯಾವ ಕೀಲಿಗೂ ಕದಲದಿದ್ದರೆ ಯಂತ್ರದಲ್ಲಿ ಶಕ್ತಿಯಿದೆ, ಕಾರ್ಯಕ್ರಮ ಸಿಕ್ಕಿಕೊಂಡಿದೆ ಎಂದು ಊಹಿಸಬಹುದು. ಎಲ್ಲವೂ ತಗ್ಗಿದ್ದರೆ ವಿದ್ಯುತ್ತನ್ನು ಶಂಕಿಸಬೇಕು. ಅದೇ ಸಾಕೆಟ್ಟಿಗೆ, ಹೊಂದುವುದಾದರೆ ಅದೇ ಚಾರ್ಜರಿಗೆ, ಮೊಬೈಲನ್ನು ಜೋಡಿಸಿ ಅದರ ಸದ್ದನ್ನು ಆಲಿಸಿದರೆ ವಿದ್ಯುತ್ತು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅನಂತರ ಯಂತ್ರವನ್ನು ಅದರದೇ ಚಾರ್ಜರಿಗೆ ಕೆಲವು ಗಂಟೆಗಳ ಕಾಲ ಜೋಡಿಸಿಡಬೇಕು. ತೀರ ಬರಿದಾದ ಕೋಶವು ಮೊದಲು ಅತ್ಯಲ್ಪ ಪ್ರವಾಹವನ್ನಷ್ಟೇ ತೆಗೆದುಕೊಳ್ಳುವುದರಿಂದ ಹತ್ತು ನಿಮಿಷದಲ್ಲಿಯೇ ನಿರಾಶರಾಗತಕ್ಕದ್ದಲ್ಲ.

ಇಲ್ಲಿ ಹಳೆಯದೊಂದು ನಂಬಿಕೆಯನ್ನು ತಿದ್ದಬೇಕಾಗಿದೆ. “ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿಯೇ ಮತ್ತೆ ತುಂಬಿಸಬೇಕು” ಎಂಬ ಉಪದೇಶ ನಿಕಲ್-ಕ್ಯಾಡ್ಮಿಯಂ ಕೋಶಗಳ ಕಾಲದ್ದು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಕೋಶಕ್ಕೆ ಅದು ಹಿತವಲ್ಲ. ಮತ್ತೆ ಮತ್ತೆ ಪೂರ್ತಿ ಬರಿದಾದರೆ ಅದು ಬೇಗ ಮುಪ್ಪಾಗುತ್ತದೆ. ರಜೆಯಲ್ಲಿ ಯಂತ್ರವನ್ನು ಎತ್ತಿಡುವುದಾದರೆ ಅರ್ಧದಷ್ಟು ತುಂಬಿಸಿ ಇಡುವುದು ಒಳ್ಳೆಯದು. ಶಾಖವೂ ಅದರ ವೈರಿ; ಮಳೆಗಾಲದ ತೇವ ಆರಲೆಂದು ಬಚ್ಚಲೊಲೆಯ ಬಳಿ ಬಟ್ಟೆಯಂತೆ ಅದನ್ನು ಒಣಗಹಾಕಬಾರದು. ಬ್ಯಾಟರಿ ಉಬ್ಬಿದುದು ಕೈಗೆ ತಿಳಿದರೆ ಬಳಕೆಯನ್ನೂ ಚಾರ್ಜ್ ಮಾಡುವುದನ್ನೂ ಆ ಕ್ಷಣವೇ ನಿಲ್ಲಿಸಬೇಕು.

ಇನ್ನು ರೀಸೆಟ್ಟಿನ ವಿಚಾರ. ಇದರಲ್ಲಿ ಎರಡು ಬಗೆಗಳಿರುವುದನ್ನು ಮರೆಯಬಾರದು. ಒಂದು ಬಗೆ ಯಂತ್ರವನ್ನು ಹೊಸದಾಗಿ ಆರಂಭಿಸುತ್ತದೆಯೇ ಹೊರತು ಉಳಿಸಿಟ್ಟ ಬರಹವನ್ನು ಅಳಿಸುವುದಿಲ್ಲ. ಇನ್ನೂ ಉಳಿಸದಿದ್ದ ಸಾಲುಗಳು ಮಾತ್ರ ಹೋಗಬಹುದು. ಇನ್ನೊಂದು ಬಗೆ ಯಂತ್ರವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ. ಅದರೊಡನೆ ಒಂದು ವರ್ಷದ ಟಿಪ್ಪಣಿಗಳೂ ಅಳಿಸಿಹೋಗಬಹುದು. ಇವುಗಳಿಗೆ ಒತ್ತಬೇಕಾದ ಕೀಲಿಗಳು ಯಂತ್ರದಿಂದ ಯಂತ್ರಕ್ಕೆ ಬೇರೆ. ಕೈಪಿಡಿಯನ್ನು ನೋಡದೆ ಯಾವುದನ್ನೋ ಒತ್ತಿಬಿಡುವ ಉಪಕಾರಿಯಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಯಂತ್ರ ತನ್ನಷ್ಟಕ್ಕೆ ತಾನೇ ಪದೇಪದೇ ಹೊಸದಾಗಿ ಆರಂಭವಾಗುತ್ತಿದ್ದರೆ ದೋಷ ಬ್ಯಾಟರಿಯದೇ ಇರಬಹುದು. ಮುಪ್ಪಾದ ಕೋಶದ ಒಳರೋಧ ಏರಿರುತ್ತದೆ. ಹೆಚ್ಚು ಪ್ರವಾಹ ಬೇಕಾದಾಗ ವೋಲ್ಟೇಜು ಕುಸಿದು ಯಂತ್ರ ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ಮದ್ದು ರೀಸೆಟ್ಟಲ್ಲ, ಹೊಸ ಬ್ಯಾಟರಿ.

ಇವೆಲ್ಲ ಗಹನವಾದ ತತ್ತ್ವಗಳೇನೂ ಅಲ್ಲ; ಪ್ರೌಢಶಾಲೆಯ ಭೌತಶಾಸ್ತ್ರ ಬಲ್ಲವರಿಗೆ ಸುಲಭವಾಗಿ ತಿಳಿಯುವಂಥವು. ಇಷ್ಟು ತಿಳಿವಳಿಕೆ ಹತ್ತಿರದಲ್ಲಿ ದೊರೆಯದಿದ್ದರೆ ಸಣ್ಣ ದೋಷಕ್ಕೂ ಯಂತ್ರವನ್ನು ಸುಮಾರು 300 ಕಿಲೋಮೀಟರು ದೂರದ ಬೆಂಗಳೂರಿಗೆ ಕಳುಹಿಸಿ ಕಾಯಬೇಕಾದೀತು. ಪರೀಕ್ಷೆಯಾದರೋ ಕಾಯುವುದಿಲ್ಲ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು, ಗೊತ್ತುಪಡಿಸಿದ ಮಟ್ಟದ ವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕಗಳನ್ನೂ ತಕ್ಕ ಸಹಾಯಕ ಸಾಧನಗಳನ್ನೂ ಉಚಿತವಾಗಿ ಒದಗಿಸಬೇಕೆಂದು ಹೇಳುತ್ತದೆ. ಸಾಧನವನ್ನು ನಡೆಯುವ ಸ್ಥಿತಿಯಲ್ಲಿ ಇಡುವುದೂ ಒದಗಿಸುವುದರ ಒಂದು ಭಾಗವೆಂದೇ ನಮ್ಮ ವಾದ. ಬಳಸುವವನೇ ಬದಲಿಸಬಲ್ಲ ಬ್ಯಾಟರಿಯಿರುವ ಯಂತ್ರವನ್ನು ಆರಿಸಬೇಕು. ಅದರೊಡನೆ ಕನ್ನಡ ಬ್ರೈಲಿನಲ್ಲಿ ಅಚ್ಚಾದ ನಾಲ್ಕು ಪುಟದ ಕೈಪಿಡಿಯನ್ನು ಕೊಡಬೇಕು. ಕೈಪಿಡಿ ನಿಂತುಹೋದ ಯಂತ್ರದೊಳಗೇ ಇದ್ದರೆ ಫಲವೇನು? ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಒಬ್ಬ ಉಪಾಧ್ಯಾಯರಾದರೂ ಮೇಲಿನ ಪರೀಕ್ಷೆಗಳನ್ನು ಬಲ್ಲವರಾಗಿರಬೇಕು.

ನಮ್ಮ ತರುಣ ಓದುಗರಿಗೂ ಇದರಲ್ಲಿ ಪಾಲುಂಟು. ನಿಮ್ಮ ತರಗತಿಯ ಅಂಧ ಗೆಳೆಯನ ಯಂತ್ರ ನಿಂತಿತೆಂದರೆ ಅದನ್ನು ಅವನ ಕೈಯಿಂದ ತೆಗೆದುಕೊಳ್ಳಬೇಡಿ. ದೀಪ ಉರಿಯುತ್ತಿದೆಯೇ ಎಂದು ಹೇಳಿ, ಕೈಪಿಡಿಯನ್ನು ಓದಿ ಹೇಳಿ. ಕೀಲಿಯನ್ನು ಅವನೇ ಒತ್ತಲಿ. ಮುಂದಿನ ಸಲ ಯಂತ್ರ ನಿಂತಾಗ ನೀವು ಅಲ್ಲಿರುವಿರೆಂಬ ಭರವಸೆಯಿಲ್ಲ. ಆ ಹೊತ್ತಿಗೆ ಅವನು ಅದನ್ನು ತಾನೇ ಎಬ್ಬಿಸಬಲ್ಲವನಾಗಿರಬೇಕು.