ಗಾಳಿಯಲ್ಲಿ ಒಂದು ಸಾಲು ಕನ್ನಡ

ಹೋದ ತಿಂಗಳ ಅಂಕಣದಲ್ಲಿ ನಮ್ಮ ಬಾಲ್ಕನಿಯ ತಂತಿಯ ಬಗ್ಗೆ ಒಂದೇ ಒಂದು ವಾಕ್ಯ ಬರೆದಿದ್ದೆ. ಅದು ಬಟ್ಟೆ ಒಣಗಿಸುವ ತಂತಿಯಲ್ಲ, ಹ್ಯಾಮ್ ರೇಡಿಯೋದ ಆಂಟೆನಾ ಅಂತ. ಆ ಅಂಕಣದ ಮುಖ್ಯ ವಿಷಯದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ತಂತಿಯ ಬಗ್ಗೆ ಮಾತ್ರ ಐದು ಪತ್ರ ಬಂದಿವೆ. ಗುರುಗ್ರಾಮದ ಓದುಗರೊಬ್ಬರ ಪ್ರಶ್ನೆ ನೇರವಾಗಿದೆ: ಮೈಕ್ ಹಿಡಿದು ಮಾತಾಡುವುದು ಗೊತ್ತು, ರೇಡಿಯೋದಲ್ಲಿ ಟೈಪ್ ಮಾಡುವುದು ಹೇಗೆ, ವಾಟ್ಸ್‌ಆ್ಯಪ್ ಇರುವಾಗ ಅದು ಯಾಕೆ?

ಮೊದಲು ‘ಯಾಕೆ’. ಸಾಗರ ತಾಲೂಕಿನ ನಮ್ಮೂರಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಮೂರು ನಾಲ್ಕು ದಿನ ಬರುವುದಿಲ್ಲ. ಮೊಬೈಲ್ ಟವರಿನ ಬ್ಯಾಟರಿ ಮೊದಲ ದಿನವೇ ಮಲಗುತ್ತದೆ. ಅಮ್ಮ ಅಲ್ಲಿ ಒಬ್ಬರೇ ಇದ್ದಾರೆ. ಪಕ್ಕದ ಮನೆಯ ಗೆಳೆಯನಿಗೂ ನನ್ನ ಹಾಗೆ ಹ್ಯಾಮ್ ಪರವಾನಗಿ ಇದೆ. ಅವನ ರೇಡಿಯೋ ಹಳೆಯ ಕಾರಿನ ಬ್ಯಾಟರಿಯಲ್ಲಿ ಓಡುತ್ತದೆ. ಇಲ್ಲಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 1600 ಕಿಲೋಮೀಟರ್. ನಡುವೆ ಟವರಿಲ್ಲ, ಕೇಬಲ್ಲಿಲ್ಲ, ಕಂಪನಿಯಿಲ್ಲ. ಮೇಲಿನ ಅಯಾನುಗೋಳಕ್ಕೆ ತಗುಲಿ ಬಾಗಿ ಕೆಳಗಿಳಿಯುವ ಅಲೆ ಮಾತ್ರ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹ್ಯಾಮ್ ರೇಡಿಯೋ ಅಂಚೆ ಇಲಾಖೆಯಲ್ಲ. ವಿಪತ್ತಿನ ಸಂದರ್ಭ ಬಿಟ್ಟರೆ ಮೂರನೆಯವರ ಸಂದೇಶವನ್ನು ಸಾಗಿಸುವ ಹಾಗಿಲ್ಲ. ಆದರೆ ಗೆಳೆಯ ಬೆಳಿಗ್ಗೆ ತಾನು ಯಾರನ್ನು ನೋಡಿದೆ, ಹೊಳೆ ಎಷ್ಟು ಏರಿದೆ ಅಂತ ತನ್ನ ಮಾತಾಗಿ ನನಗೆ ಹೇಳಬಹುದು. ನಮಗೆ ಅಷ್ಟು ಸಾಕು.

ಹಾಗಾದರೆ ಮಾತಾಡಬಹುದಲ್ಲ, ಟೈಪ್ ಯಾಕೆ? ಅದಕ್ಕೆ ಉತ್ತರ ಸರೋಜಿನಿ ನಗರವೇ. ಮಾರುಕಟ್ಟೆಯ ಗಲಾಟೆ ನಿಮಗೆಲ್ಲ ಗೊತ್ತಿದೆ. ಸೋಮವಾರ ರಜೆ, ಉಳಿದ ದಿನ ಜಾತ್ರೆ. ಕಿವಿಗೆ ಕೇಳಿಸದ ಗಲಾಟೆ ಅದಕ್ಕಿಂತ ದೊಡ್ಡದು. ಪ್ರತಿ ಮನೆಯ ಎಲ್‌ಇಡಿ ಬಲ್ಬು, ಇನ್ವರ್ಟರ್, ಮೊಬೈಲ್ ಚಾರ್ಜರ್, ಎಲ್ಲವೂ ಸಣ್ಣದಾಗಿ ರೇಡಿಯೋ ಅಲೆ ಉಗುಳುತ್ತಿರುತ್ತವೆ. ಹಳೆಯ ಎರಡಂತಸ್ತಿನ ಸರ್ಕಾರಿ ಮನೆಗಳನ್ನು ಕೆಡವಿ ಕಟ್ಟುತ್ತಿರುವ ಗೋಪುರಗಳು ತುಂಬಿದ ಹಾಗೆ ಇದು ಇನ್ನೂ ಹೆಚ್ಚಾಗುತ್ತದೆ. ರೇಡಿಯೋ ಹಚ್ಚಿದರೆ ಮಳೆ ಸುರಿದಂತೆ ಸದ್ದು, ಅದರೊಳಗೆ ಸಾಗರದ ದನಿ ಹುಡುಕಬೇಕು.

ಮನುಷ್ಯನ ಮಾತು ರೇಡಿಯೋದಲ್ಲಿ ಸುಮಾರು 2500 ಹರ್ಟ್ಸ್ ಅಗಲದ ಜಾಗ ಬೇಡುತ್ತದೆ. ನನ್ನ 20 ವ್ಯಾಟ್ ಅಷ್ಟಗಲಕ್ಕೆ ಹರಡಿ ತೆಳ್ಳಗಾಗಿ ಗದ್ದಲದಲ್ಲಿ ಮುಳುಗುತ್ತದೆ. ಅದೇ 20 ವ್ಯಾಟನ್ನು 50–60 ಹರ್ಟ್ಸ್ ಅಗಲದೊಳಗೆ ಹಿಡಿದಿಟ್ಟರೆ ಸಣ್ಣ ಶಿಳ್ಳೆಯಾಗುತ್ತದೆ. ಟಿವಿ ಜೋರಾಗಿದ್ದರೂ ಅಡುಗೆಮನೆಯ ಕುಕ್ಕರ್ ಶಿಳ್ಳೆ ನಮಗೆ ಕೇಳುವುದಿಲ್ಲವೇ, ಹಾಗೆ. ಅಕ್ಷರ ಕಳುಹಿಸುವ ಡಿಜಿಟಲ್ ವಿಧಾನಗಳ ಗುಟ್ಟು ಇದಿಷ್ಟೇ.

ಸಲಕರಣೆಯೂ ದೊಡ್ಡದಲ್ಲ. ರೇಡಿಯೋ, ಲ್ಯಾಪ್‌ಟಾಪ್, ಎರಡರ ನಡುವೆ ಒಂದು ಆಡಿಯೋ ಕೇಬಲ್. ನೀವು ಒತ್ತಿದ ಅಕ್ಷರವನ್ನು ಲ್ಯಾಪ್‌ಟಾಪಿನ ಸೌಂಡ್ ಕಾರ್ಡ್ ಶಿಳ್ಳೆಯಾಗಿ ಬದಲಿಸುತ್ತದೆ, ರೇಡಿಯೋ ಅದನ್ನು ಮಾತೆಂದೇ ತಿಳಿದು ಕಳುಹಿಸುತ್ತದೆ. ಆ ಕಡೆ ಇದೇ ಕೆಲಸ ತಿರುಗಾಮುರುಗ. ಎಫ್‌ಎಲ್‌ಡಿಜಿ ಎಂಬ ಉಚಿತ ತಂತ್ರಾಂಶದಲ್ಲಿ ಹತ್ತಾರು ವಿಧಾನಗಳು ಸಿಗುತ್ತವೆ.

ಅವುಗಳಲ್ಲಿ ನನ್ನ ಅಚ್ಚುಮೆಚ್ಚಿನದು ಪಿಎಸ್‌ಕೆ31. ಇಂಗ್ಲೆಂಡಿನ ಹ್ಯಾಮ್ ಪೀಟರ್ ಮಾರ್ಟಿನೆಝ್ ಇದನ್ನು 1998ರ ಕೊನೆಯ ಹೊತ್ತಿಗೆ ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. ಒಂದೇ ಶಿಳ್ಳೆ, ನಿಲ್ಲದೆ ಹೋಗುತ್ತಿರುತ್ತದೆ. ಸೆಕೆಂಡಿಗೆ 31.25 ಬಾರಿ ಒಂದು ತೀರ್ಮಾನ: ಅಲೆ ಹಾಗೇ ಮುಂದುವರಿದರೆ ಅದು 1, ತಲೆಕೆಳಗಾದರೆ 0. ಈ ವೇಗ ಮನುಷ್ಯ ಆರಾಮಾಗಿ ಟೈಪ್ ಮಾಡುವ ವೇಗಕ್ಕೆ ಸರಿಹೊಂದುತ್ತದೆ, ಆದ್ದರಿಂದ ಇದು ನಿಜವಾದ ಹರಟೆಯ ವಿಧಾನ. ಎದುರಿನವರು ಯೋಚಿಸಿ ನಿಲ್ಲುವುದು, ಬೆರಳು ತಪ್ಪಿ ಅಳಿಸುವುದು, ಎಲ್ಲ ಪರದೆಯ ಮೇಲೆ ಕಾಣುತ್ತದೆ.

ಮಾರ್ಟಿನೆಝ್ ಜಾಣತನ ಇರುವುದು ಅವರ ಅಕ್ಷರಸಂಕೇತದಲ್ಲಿ. ಮೋರ್ಸ್‌ನಂತೆ ಇಲ್ಲೂ ಹೆಚ್ಚು ಬಳಸುವ ಅಕ್ಷರಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದದ್ದು. ಆದರೆ ಯಾವ ಭಾಷೆಯಲ್ಲಿ ಹೆಚ್ಚು? ಇಂಗ್ಲಿಷಿನಲ್ಲಿ. ಆದ್ದರಿಂದ ‘ಇ’ ಅಕ್ಷರಕ್ಕೆ ಎರಡೇ ಬಿಟ್, ‘ಎ’ ಅಕ್ಷರಕ್ಕೆ ನಾಲ್ಕು, ‘ಕೆ’ಗೆ ಎಂಟು. ನಮ್ಮ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ: ಸಾಲಿನ ತುಂಬ ‘ಎ’, ನಡುನಡುವೆ ‘ಕೆ’. ಕನ್ನಡಿಗನೊಬ್ಬ ಈ ಸಂಕೇತ ಮಾಡಿದ್ದರೆ ಎರಡು ಬಿಟ್ಟಿನ ಗೌರವ ‘ಎ’ಗೆ ಸಲ್ಲುತ್ತಿತ್ತು. ದೊಡ್ಡಕ್ಷರಗಳು ಇನ್ನೂ ದುಬಾರಿ. ಸಣ್ಣ ‘ಎಲ್’ ಐದು ಬಿಟ್, ದೊಡ್ಡ ‘ಎಲ್’ ಎಂಟು. ಹಾಗಾಗಿ ‘ಳ’ಗೆ ದೊಡ್ಡಕ್ಷರ ಬಳಸುವ ಶಿಸ್ತನ್ನು ನನ್ನ ಗೆಳೆಯ ಎಂದೂ ಪಾಲಿಸಿಲ್ಲ. ಅವನಿಗೆ ಹಲ್ಲಿಯೂ ಹಳ್ಳಿಯೂ ಒಂದೇ.

ಅದರ ಬೆಲೆ ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ತಿಳಿಯಿತು. ಊರಿನ ಸಂಪರ್ಕ ತಪ್ಪಿ ಮೂರನೆಯ ದಿನ. ಬೆಳಿಗ್ಗೆ ಏಳು ಗಂಟೆಗೆ, ಗೊತ್ತು ಮಾಡಿಕೊಂಡ ಜಾಗದಲ್ಲಿ, ಅವನ ಶಿಳ್ಳೆ ಹಳದಿ ಗೆರೆಯಾಗಿ ಪರದೆಯ ಮೇಲೆ ಇಳಿಯಿತು. ಅಕ್ಷರಗಳು ಒಂದೊಂದಾಗಿ ಬಂದವು: ‘ಅಮ್ಮ ತೋಟದಲ್ಲಿ ಕಾಲು ಜಾ’. ಅಷ್ಟರಲ್ಲಿ ಎಲ್ಲೋ ಮಿಂಚು ಹೊಡೆಯಿತು. ಪರದೆಯ ಮೇಲೆ ಕೊಕ್ಕೆ, ಕಂಸ, ಪ್ರಶ್ನಾರ್ಥಕ ಚಿಹ್ನೆ. ಆಮೇಲೆ ‘ಅಂದ್ರು’. ಆಮೇಲೆ ಅವನು ನಿಧಾನವಾಗಿ ಸಂಕ ಕೊಚ್ಚಿಹೋದ ಕಥೆ ಹೇಳತೊಡಗಿದ. ಅವನು ಕಳುಹಿಸುತ್ತಿರುವಾಗ ಅವನ ರೇಡಿಯೋ ಕೇಳಿಸಿಕೊಳ್ಳುವುದಿಲ್ಲ, ಆದ್ದರಿಂದ ನಡುವೆ ಬಾಯಿ ಹಾಕುವ ಉಪಾಯವೇ ಇಲ್ಲ. ಕಾಲು ಜಾರಿ ಬಿದ್ದರೇ? ಹಾಗಾದರೆ ‘ಅಂದ್ರು’ ಯಾಕೆ? ಅವನು ಸಂಕ ಮುಗಿಸಿ, ಅಡಿಕೆಗೆ ಕೊಳೆ ಬಂದದ್ದು ಮುಗಿಸಿ, ‘ಈಗ ನೀನು’ ಎನ್ನುವ ತನಕ ಮೂರು ನಿಮಿಷ. ಕೇಳಿದ ಮೇಲೆ ಬಂದ ಉತ್ತರ: ಈ ಸಲ ಮೆಣಸಿನ ಬಳ್ಳಿಯಲ್ಲಿ ಕಾಳು ಜಾಸ್ತಿ ಇದೆ, ಅಂದರಂತೆ.

ಪಿಎಸ್‌ಕೆ31ಕ್ಕೆ ತಪ್ಪು ತಿದ್ದುವ ಶಕ್ತಿ ಇಲ್ಲ. ಒಂದು ಬಿಟ್ ಕೆಟ್ಟರೆ ಒಂದು ಅಕ್ಷರ ಕೆಟ್ಟಿತು. ಅಂದಿನಿಂದ ಗುಡುಗು ಇರುವ ದಿನ ನಾವು ಒಲಿವಿಯಾ ಎಂಬ ವಿಧಾನಕ್ಕೆ ಹೋಗುತ್ತೇವೆ. ಅದು ಪ್ರತಿ ಅಕ್ಷರದ ಮಾಹಿತಿಯನ್ನು ಬಹಳಷ್ಟು ಹೆಚ್ಚುವರಿ ಬಿಟ್‌ಗಳೊಂದಿಗೆ, ಹಲವು ಸ್ವರಗಳಲ್ಲಿ, ಸಮಯದಲ್ಲಿ ಹರಡಿ ಕಳುಹಿಸುತ್ತದೆ. ಮಿಂಚು ಒಂದಿಷ್ಟನ್ನು ತಿಂದರೂ ಉಳಿದದ್ದರಿಂದ ಅಕ್ಷರ ಕಟ್ಟಿಕೊಳ್ಳಬಹುದು. ನಿಧಾನ, ಬಹಳ ನಿಧಾನ. ಆದರೆ ಬಂದದ್ದು ಸರಿಯಾಗಿ ಬರುತ್ತದೆ.

ಇನ್ನು ಇಂದು ಜಗತ್ತಿನ ಹ್ಯಾಮ್‌ಗಳು ಅತಿ ಹೆಚ್ಚು ಬಳಸುವ ಎಫ್‌ಟಿ8. ಇದರ ಹಿಂದಿರುವ ಜೋ ಟೇಲರ್ ಚಿಕ್ಕಂದಿನಿಂದ ಹ್ಯಾಮ್. ರಸೆಲ್ ಹಲ್ಸ್ ಜೊತೆ 1974ರಲ್ಲಿ ಜೋಡಿ ಪಲ್ಸಾರ್ ಕಂಡುಹಿಡಿದು 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ನಕ್ಷತ್ರಗಳ ಕ್ಷೀಣ ದನಿ ಹುಡುಕಿದ ಕೈ ನಮ್ಮ ಕ್ಷೀಣ ದನಿಗೂ ದಾರಿ ಮಾಡಿತು. 2017ರಲ್ಲಿ ಸ್ಟೀವ್ ಫ್ರಾಂಕ್ ಜೊತೆ ರೂಪಿಸಿದ ಈ ವಿಧಾನದಲ್ಲಿ ಗಡಿಯಾರವೇ ಯಜಮಾನ: 15 ಸೆಕೆಂಡ್ ನೀವು, 15 ಸೆಕೆಂಡ್ ಅವರು. ಕಿವಿಗೆ ಏನೂ ಕೇಳಿಸದ ಗದ್ದಲದೊಳಗಿಂದಲೂ ಅದು ಹೆಸರು ಹೆಕ್ಕುತ್ತದೆ. ನನ್ನ ತಂತಿಯಿಂದ ಜಪಾನ್, ಬ್ರೆಜಿಲ್ ಆಗಿವೆ.

ಆದರೂ ನನಗೆ ಅದು ಹರಟೆಯಲ್ಲ. ನಿಮ್ಮ ಕರೆಸಂಕೇತ, ನಿಮ್ಮ ಭೂಚೌಕ, ಸದ್ದಿನ ಅಂಕ, ವಂದನೆ, ಮುಗಿಯಿತು. ಹಿಂದೆ ಮದುವೆಗೆ ಹೋಗಲಾಗದಿದ್ದಾಗ ಅಂಚೆ ಕಚೇರಿಯ ಪಟ್ಟಿ ನೋಡಿ ನಂಬರ್ ಹೇಳಿ ಶುಭಾಶಯದ ತಂತಿ ಕಳುಹಿಸುತ್ತಿದ್ದೆವಲ್ಲ, ಅದರ ಹಾಗೆ. (ಆ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು, ತಂತಿಗಾರರ ‘73’, ಅಂದರೆ ‘ಶುಭವಾಗಲಿ’, ಹ್ಯಾಮ್‌ಗಳಲ್ಲಿ ಇನ್ನೂ ಬದುಕಿದೆ.) ಸ್ವಂತ ಮಾತಿಗೆ ಎಫ್‌ಟಿ8 ಕೊಡುವುದು ಹದಿಮೂರು ಅಕ್ಷರ, ಅದೂ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ನಾಲ್ಕೈದು ಚಿಹ್ನೆ. ‘ನಮಸ್ಕಾರ’ ಹಿಡಿಸುತ್ತದೆ, ಉದ್ದದ ವಾಕ್ಯ ಹಿಡಿಸುವುದಿಲ್ಲ. ಅದೇ ತಂತ್ರದ ಮೇಲೆ ಹರಟೆಗೆಂದು ಕಟ್ಟಿದ ಜೆಎಸ್8ಕಾಲ್ ಎಂಬುದಿದೆ. ದುರ್ಬಲ ಸಂಕೇತದಲ್ಲೂ ಉದ್ದದ ಮಾತು ಬೇಕೆನ್ನುವವರು ಅದನ್ನು ನೋಡಿ.

ಓದುಗರು ಕೇಳದ, ಆದರೆ ನಾನು ಕಾಯುತ್ತಿದ್ದ ಪ್ರಶ್ನೆ: ಕನ್ನಡ ಲಿಪಿಯಲ್ಲೇ ಕಳುಹಿಸಬಹುದೇ? ಬಹುದು. ಎಫ್‌ಎಲ್‌ಡಿಜಿ ಯೂನಿಕೋಡ್ ಒಪ್ಪುತ್ತದೆ. ಲೆಕ್ಕ ಮಾಡೋಣ. ‘ಕನ್ನಡ’ ಎಂಬುದು ಯೂನಿಕೋಡಿನಲ್ಲಿ ಐದು ತುಂಡು: ಕ, ನ, ಹಲಂತ, ನ, ಡ. ಒಂದೊಂದು ತುಂಡೂ ಮೂರು ಬೈಟ್, ಒಟ್ಟು ಹದಿನೈದು. ಪಿಎಸ್‌ಕೆ31ರಲ್ಲಿ ಒಂದೊಂದು ಬೈಟೂ ಉದ್ದುದ್ದ ಸಂಕೇತಗಳ ಕೇರಿಯಲ್ಲಿ ವಾಸ. ಆ ಒಂದು ಪದಕ್ಕೆ ಆರು ಸೆಕೆಂಡು ಹಿಡಿಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದೂವರೆ ಸೆಕೆಂಡು. ನಾಲ್ಕು ಪಟ್ಟು. ಮೇಲಾಗಿ ಮೂರರಲ್ಲಿ ಒಂದು ಬೈಟ್ ಕೆಟ್ಟರೂ ಅಕ್ಷರ ಹೋಯಿತು. ಆಕಾಶ ಶುಭ್ರವಾಗಿರುವ ಚಳಿಗಾಲದ ಭಾನುವಾರ ನಾವು ಇದನ್ನು ಮಾಡುತ್ತೇವೆ. ‘ಳ’ ಸರಿಯಾಗಿ ಬಂದು ಕೂತಾಗ ಆಗುವ ಸಮಾಧಾನ ನಾಲ್ಕು ಪಟ್ಟಿಗೆ ಸಮ.

ಲಿಪಿಯ ಗೊಡವೆಯೇ ಇಲ್ಲದ ವಿಧಾನವೂ ಒಂದಿದೆ, ಅದು ಎಲ್ಲಕ್ಕಿಂತ ಹಳೆಯದು. ಜರ್ಮನಿಯ ರುಡಾಲ್ಫ್ ಹೆಲ್ 1929ರಲ್ಲಿ ಪೇಟೆಂಟ್ ಮಾಡಿದ ಹೆಲ್‌ಶ್ರೈಬರ್. ಅದು ಅಕ್ಷರದ ಸಂಕೇತ ಕಳುಹಿಸುವುದಿಲ್ಲ, ಅಕ್ಷರದ ಚಿತ್ರವನ್ನೇ ಚುಕ್ಕಿಚುಕ್ಕಿಯಾಗಿ ಕಳುಹಿಸುತ್ತದೆ. ಓದುವುದು ಯಂತ್ರವಲ್ಲ, ನಿಮ್ಮ ಕಣ್ಣು. ಗದ್ದಲ ಬಂದರೆ ಚಿತ್ರದ ಮೇಲೆ ಧೂಳು ಬಿದ್ದಂತೆ ಕಾಣುತ್ತದೆ, ಆದರೆ ‘ಕ’ ‘ಕ’ನೇ ಆಗಿರುತ್ತದೆ. ಒಂದು ಅಕ್ಷರಕ್ಕೆ ಸಿಗುವುದು ಏಳು ನಿಲುವುಸಾಲು, ಹದಿನಾಲ್ಕು ಚುಕ್ಕಿ ಎತ್ತರ. ಮಗಳ ಗ್ರಾಫ್ ಪುಸ್ತಕದಲ್ಲಿ ಚುಕ್ಕಿ ರಂಗೋಲಿಯಂತೆ ಬಿಡಿಸಿ ನೋಡಿದೆವು. ಕ, ಡ, ರ ಚೆನ್ನಾಗಿ ಕೂತವು. ‘ನ್ನ’ದ ಒತ್ತು ಕೆಳಗಿನ ಅಂಚಿನಲ್ಲಿ ಮಣ್ಣಾಯಿತು. ‘ಸ್ತ್ರೀ’ ಬಿಡಿಸಲು ಹೋಗಿ ಮಗಳು ಪೆನ್ಸಿಲ್ ಕೆಳಗಿಟ್ಟಳು. ಇಡೀ ಸಾಲನ್ನು ಚಿತ್ರ ಮಾಡಿ, ಎಂಎಫ್‌ಎಸ್‌ಕೆ ಎಂಬ ವಿಧಾನದ ಚಿತ್ರಸೌಲಭ್ಯದಲ್ಲಿ ಕಳುಹಿಸುವುದು ಇದಕ್ಕಿಂತ ಮೇಲು; ಒತ್ತಕ್ಷರಕ್ಕೆ ಬೇಕಾದಷ್ಟು ಜಾಗ ನಾವೇ ಕೊಡಬಹುದು.

ಇದೆಲ್ಲ ಆಟ ಎನಿಸಿದರೆ 2004ರ ಡಿಸೆಂಬರ್ 26 ನೆನಪಿಸಿಕೊಳ್ಳಿ. ದೆಹಲಿಯ ಹ್ಯಾಮ್ ಭಾರತಿ ಪ್ರಸಾದ್ ಹವ್ಯಾಸದ ಪ್ರಸಾರಕ್ಕೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದಾಗಲೇ ಸುನಾಮಿ ಬಂತು. ಹವ್ಯಾಸದ ಆ ಕೇಂದ್ರವೇ ದ್ವೀಪದಿಂದ ಸುದ್ದಿ ಸಾಗಿಸುವ ಕೇಂದ್ರವಾಯಿತು. ಅಂಥ ಹೊತ್ತಿನಲ್ಲಿ ಹೆಸರುಗಳ ಪಟ್ಟಿಯನ್ನು ಬಾಯಲ್ಲಿ ಒಂದೊಂದಕ್ಷರವಾಗಿ ಹೇಳುವುದಕ್ಕಿಂತ ಟೈಪ್ ಮಾಡಿ ಕಳುಹಿಸಿದರೆ ತಪ್ಪು ಕಡಿಮೆ, ಕಾಗದದ ಮೇಲೆ ಪುರಾವೆಯೂ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಹೆಮ್ಮೆಯೂ ಇದರಲ್ಲಿ ಇದೆ. ಅಲ್ಲಿನ ಇಸ್ರೋ ಕೇಂದ್ರದಲ್ಲಿ ತಯಾರಾದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಹಾರಿ, 2014ರ ತನಕ ಜಗತ್ತಿನ ಹ್ಯಾಮ್‌ಗಳ ಮಾತು ಹೊತ್ತಿತು. ಈಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೇ ಒಂದು ಪುನಃಪ್ರಸಾರಕ ಇದೆ. ಅದು ಚಾಲೂ ಇರುವಾಗ 145.825 ಮೆಗಾಹರ್ಟ್ಸಿನಲ್ಲಿ ಚಿಕ್ಕ ಸಂದೇಶ ಕಳುಹಿಸಿದರೆ ತಿರುಗಿ ಭೂಮಿಗೆ ಎಸೆಯುತ್ತದೆ. ಒಂದು ಸಂದೇಶಕ್ಕೆ 67 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕನ್ನಡಕ್ಕೆ 22 ತುಂಡು, ಅಂದರೆ ಮೂರು ನಾಲ್ಕು ಪದ.

ಶುರು ಮಾಡುವವರಿಗೆ: ಖರ್ಚಿಲ್ಲದೆ ಮೊದಲು ಕೇಳಿ ನೋಡಿ. ನೆದರ್ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಬ್ರೌಸರಿನಲ್ಲೇ ತೆರೆಯುತ್ತದೆ. 14.074 ಮೆಗಾಹರ್ಟ್ಸಿಗೆ ಹೋದರೆ ಎಫ್‌ಟಿ8ರ ಜಾತ್ರೆ, 14.070ರ ಸುತ್ತ ಪಿಎಸ್‌ಕೆಯ ಒಂಟಿ ಶಿಳ್ಳೆಗಳು. ಆ ಸದ್ದನ್ನು ಎಫ್‌ಎಲ್‌ಡಿಜಿಗೆ ಕೇಳಿಸಿದರೆ ಯಾರದೋ ಸಂಜೆಯ ಹರಟೆ ನಿಮ್ಮ ಪರದೆಯ ಮೇಲೆ ಮೂಡುತ್ತದೆ. ಕಳುಹಿಸಲು ಮಾತ್ರ ಪರವಾನಗಿ ಬೇಕೇ ಬೇಕು. ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ತಾಣದಲ್ಲಿ ಅರ್ಜಿ. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಕೆಳ ದರ್ಜೆಗೆ ಮೋರ್ಸ್ ಬೇಡ, ಮೇಲಿನ ದರ್ಜೆಗೆ ನಿಮಿಷಕ್ಕೆ ಎಂಟು ಪದದ ವೇಗ ಬೇಕು. ಯಾವ ದರ್ಜೆಗೆ ಯಾವ ಬ್ಯಾಂಡ್, ಯಾವ ವಿಧಾನ ಎಂಬುದನ್ನು ಪರವಾನಗಿಯಲ್ಲೇ ಬರೆದಿರುತ್ತಾರೆ, ಅದನ್ನು ಓದಿಯೇ ಗುಂಡಿ ಒತ್ತಿ. ಗುಪ್ತಲಿಪಿಗೆ ಅವಕಾಶವಿಲ್ಲ, ಕನ್ನಡ ಗುಪ್ತಲಿಪಿಯಲ್ಲ ಎಂದು ನಮ್ಮ ಬ್ಲಾಕಿನ ಕಾರ್ಯದರ್ಶಿಗೆ ಒಮ್ಮೆ ವಿವರಿಸಬೇಕಾಗಿ ಬಂದಿತ್ತು. ಅವರ ಮಗ ಈಗ ಪರೀಕ್ಷೆಗೆ ಓದುತ್ತಿದ್ದಾನೆ.