ಹನ್ನೆರಡಕ್ಕೆ ಬಿಡ್ತಾರಾ ತಾಯಿ?

ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತರೆ ಸಾಕು, ಜನ ನಮ್ಮನ್ನು ಎಲ್ಲ ಬಲ್ಲವರೆಂದೇ ತಿಳಿಯುತ್ತಾರೆ. ನಾನು ಬಿ.ಕಾಂ. ಮುಗಿಸಿ ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿಗೆ ಸೇರಿದವಳು. ಇಂಟರ್ನ್‌ಶಿಪ್‌ಗೆಂದು ಒಂದು ಖಾಸಗಿ ಆಸ್ಪತ್ರೆಗೆ ಬಂದು ಇಪ್ಪತ್ತು ದಿನವಾಗಿತ್ತಷ್ಟೆ. ಹೆಂಡತಿಗೆ ಪಿತ್ತಕೋಶದ ಆಪರೇಷನ್ ಮಾಡಿಸಿದ್ದ ಹಳ್ಳಿಯ ಯಜಮಾನರೊಬ್ಬರು ಬೆಳಿಗ್ಗೆ ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ನನ್ನನ್ನು ಕೇಳಿದರು: ‘ಹನ್ನೆರಡಕ್ಕೆ ಬಿಡ್ತಾರಾ ತಾಯಿ?’

‘ಬಿಡ್ತಾರೆ ಅಜ್ಜ, ಕ್ಯಾಶ್‌ಲೆಸ್ ಅಲ್ವಾ, ಬೇಗ ಆಗುತ್ತೆ’ ಎಂದುಬಿಟ್ಟೆ.

ಅವರು ಆಸ್ಪತ್ರೆ ಬಿಟ್ಟಾಗ ಸಂಜೆ ಆರು ಗಂಟೆ. ಊರಿಂದ ಕರೆಸಿದ್ದ ಗಾಡಿ ಮೂರು ಗಂಟೆ ಕಾದು, ಕಾದದ್ದಕ್ಕೂ ದುಡ್ಡು ಇಸ್ಕೊಂಡು ಹೋಗಿತ್ತು. ‘ನೀನು ಹೇಳಿದ್ಯಲ್ಲ ಅಂತ ಗಾಡಿ ಕರೆಸ್ದೆ ಕಣವ್ವಾ’ ಎಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆ ರಾತ್ರಿ ನಾನು ಮಾಡಿದ ಮೊದಲ ಕೆಲಸ, ತಪ್ಪು ಯಾರದ್ದು ಎಂದು ಹುಡುಕಿದ್ದು. ವಿಮಾ ಕಂಪನಿಯದ್ದೇ ಇರಬೇಕು ಎಂಬ ಖಾತ್ರಿ ನನಗಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆ ನೆನಪಿಗೆ ಬಂತು. ಕ್ಯಾಶ್‌ಲೆಸ್ ಚಿಕಿತ್ಸೆಯ ಮೊದಲ ಅನುಮತಿಯನ್ನು ಒಂದು ಗಂಟೆಯೊಳಗೆ ತೀರ್ಮಾನಿಸಬೇಕು. ಡಿಸ್ಚಾರ್ಜ್ ಸಮಯದ ಅಂತಿಮ ಅನುಮತಿಯನ್ನು ಆಸ್ಪತ್ರೆಯಿಂದ ಕೋರಿಕೆ ಬಂದ ಮೂರು ಗಂಟೆಯೊಳಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು. ಸುದ್ದಿ ಬಂದಾಗ ‘ಇನ್ನು ಡಿಸ್ಚಾರ್ಜ್ ಮೂರೇ ಗಂಟೆಯಲ್ಲಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿತ್ತು. ನಾನೂ ನಂಬಿದ್ದೆ.

ಮರುದಿನ ಬಿಲ್ಲಿಂಗ್ ವಿಭಾಗದ ಅಕ್ಕನೊಬ್ಬರ ಹತ್ತಿರ ಕೂತು ಆ ಅಜ್ಜಿಯ ಕಡತದ ಸಮಯಗಳನ್ನೆಲ್ಲ ಬರೆದುಕೊಂಡೆ. ಡಾಕ್ಟರು ‘ಹೋಗಬಹುದು’ ಎಂದದ್ದು ಒಂಬತ್ತೂವರೆಗೆ. ಉಳಿದ ಇಂಜೆಕ್ಷನ್, ಸಲೈನ್ ಬಾಟಲಿಗಳನ್ನು ವಾರ್ಡಿನಿಂದ ಫಾರ್ಮಸಿಗೆ ವಾಪಸ್ ಕಳಿಸಿ, ಅದು ಲೆಕ್ಕದಲ್ಲಿ ಕಳೆದದ್ದು ಹನ್ನೆರಡೂವರೆಗೆ. ಡಿಸ್ಚಾರ್ಜ್ ಸಮ್ಮರಿ ಟೈಪಾಗಿತ್ತು, ಆದರೆ ಸಹಿ ಹಾಕಬೇಕಾದ ಸರ್ಜನ್ ಒ.ಟಿ.ಯಲ್ಲಿದ್ದರು, ಸಹಿ ಬಿದ್ದದ್ದು ಒಂದೂಕಾಲಿಗೆ. ಅಂತಿಮ ಬಿಲ್ ಎರಡು ಗಂಟೆ ದಾಟಿ. ಅದೆಲ್ಲ ವಿಮೆಯ ಟಿಪಿಎಗೆ ಹೋದದ್ದು ಎರಡೂವರೆಗೆ. ಮೂರು ನಲವತ್ತಕ್ಕೆ ಅವರಿಂದ ಪ್ರಶ್ನೆ: ಸ್ಕ್ಯಾನಿಂಗ್ ವರದಿ ಲಗತ್ತಿಸಿಲ್ಲವೇಕೆ? ನಮ್ಮವರು ಹುಡುಕಿ ಕಳಿಸಿದರು. ಐದು ಇಪ್ಪತ್ತಕ್ಕೆ ಒಪ್ಪಿಗೆ ಬಂತು.

ಲೆಕ್ಕ ಹಾಕಿ ನೋಡಿ. ವಿಮೆಯ ಗಡಿಯಾರ ಶುರುವಾಗುವುದು ಆಸ್ಪತ್ರೆ ಕಡತ ಕಳಿಸಿದ ಮೇಲೆ. ಎರಡೂವರೆಯಿಂದ ಐದು ಇಪ್ಪತ್ತು ಎಂದರೆ ಮೂರು ಗಂಟೆಯೊಳಗೇ ಆಯಿತು. ನಿಯಮದ ಉಲ್ಲಂಘನೆ ಎಲ್ಲೂ ಇಲ್ಲ! ಅದಕ್ಕೂ ಮುಂಚಿನ ಐದು ಗಂಟೆ ನಮ್ಮ ಕಟ್ಟಡದೊಳಗೇ, ಮೂರನೇ ಮಹಡಿಗೂ ನೆಲಮಹಡಿಗೂ ನಡುವೆ ಕಳೆದುಹೋಗಿತ್ತು. ಆ ಐದು ಗಂಟೆಗೆ ಯಾವ ಸುತ್ತೋಲೆಯೂ ಗಡುವು ಹಾಕಿಲ್ಲ. ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್, ಡಿಸ್ಚಾರ್ಜ್‌ಗೆ ಹಿಡಿಯುವ ಸಮಯವನ್ನು ದಾಖಲಿಸಿ ಗಮನಿಸುವಂತೆ ಹೇಳುತ್ತದೆ ನಿಜ. ಆದರೆ ಯಾವ ಗಳಿಗೆಯಿಂದ ಎಣಿಸುತ್ತಾರೆ ಎನ್ನುವುದರ ಮೇಲೆ ಅಂಕಿ ಚೆಂದವೂ ಕಾಣುತ್ತದೆ, ಕೆಟ್ಟದಾಗಿಯೂ ಕಾಣುತ್ತದೆ.

ನಮ್ಮ ಪದವಿಯ ಕೆಲಸ ಇರುವುದು ಈ ಐದು ಗಂಟೆಯಲ್ಲಿ ಎಂದು ನನಗೆ ಹೊಳೆದದ್ದು ಆಗ. ತರಗತಿಯಲ್ಲಿ ನಾಯಕತ್ವ, ಸಂಸ್ಥೆಯ ಸಂಸ್ಕೃತಿ ಎಂದೆಲ್ಲ ಪುಟಗಟ್ಟಲೆ ನೋಟ್ಸ್ ಬರೆದಿದ್ದೆವು. ಫಾರ್ಮಸಿಗೆ ಔಷಧಿ ವಾಪಸ್ ಹೋಗದೆ ಬಿಲ್ ಮುಗಿಯುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ.

ಈಗ ಪದವಿಯ ಬಗ್ಗೆಯೇ ಎರಡು ಮಾತು. ಬಿಬಿಎ ಆಸ್ಪತ್ರೆ ನಿರ್ವಹಣೆ, ಎಂಎಚ್‌ಎ, ಎಂಬಿಎ ಹೆಲ್ತ್‌ಕೇರ್ ಎಂದು ಹೆಸರುಗಳು ಹಲವು. ನರ್ಸಿಂಗ್‌ಗೆ, ಫಾರ್ಮಸಿಗೆ ಇರುವಂತಹ ನೋಂದಣಿ ಮಂಡಳಿ ಇದಕ್ಕಿಲ್ಲ. ಹಾಗಾಗಿ ಪ್ರಮಾಣಪತ್ರವೊಂದೇ ಕೆಲಸ ಕೊಡಿಸುವುದಿಲ್ಲ. ಇನ್ನೊಂದು ಕಹಿ ಸತ್ಯವನ್ನು ಸೇರುವ ಮೊದಲೇ ತಿಳಿದಿರುವುದು ಒಳ್ಳೆಯದು: ಸರ್ಕಾರಿ ಆಸ್ಪತ್ರೆಗಳ ಮುಖ್ಯಸ್ಥರ ಕುರ್ಚಿ ವೈದ್ಯರದ್ದು. ದೆಹಲಿಯ ಏಮ್ಸ್‌ನಲ್ಲಿ ಆಸ್ಪತ್ರೆ ಆಡಳಿತ ಓದುವವರೂ ಎಂಬಿಬಿಎಸ್ ಆದವರೇ. ನಮ್ಮಂತಹ ಬಿ.ಕಾಂ., ಬಿ.ಎಸ್ಸಿ.ಯವರಿಗೆ ತೆರೆಯುವ ಬಾಗಿಲು ಬಿಲ್ಲಿಂಗ್, ವಿಮಾ ಡೆಸ್ಕ್, ಗುಣಮಟ್ಟ ವಿಭಾಗ, ವೈದ್ಯಕೀಯ ದಾಖಲೆ ವಿಭಾಗ, ಇಲ್ಲವೇ ಟಿಪಿಎ ಕಂಪನಿ.

ಆ ಬಾಗಿಲುಗಳು ದೊಡ್ಡದಾಗುತ್ತಿವೆ ಎನ್ನುವುದೇ ಸಮಾಧಾನ. ಆಸ್ಪತ್ರೆಗೆ ಹಣ ಕೊಡುವವರು ಈಗ ರೋಗಿಯ ಮನೆಯವರಷ್ಟೇ ಅಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ನಮ್ಮಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಮಿತಿ 1.5 ಲಕ್ಷ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇದೊಂದು ಚೀಟಿ ಇಲ್ಲದೆ ಕೌಂಟರಿನಲ್ಲಿ ಅಳುತ್ತಾ ನಿಂತವರನ್ನು ನಾನು ನೋಡಿದ್ದೇನೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಬೇರೆ ಇದೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಯೋಜನೆಯನ್ನು ಆದಾಯ ನೋಡದೆ 70 ದಾಟಿದವರಿಗೆಲ್ಲ ವಿಸ್ತರಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ಹೋಯಿತು. ಪ್ರತಿಯೊಂದಕ್ಕೂ ಬೇರೆ ಬೇರೆ ಕಾಗದ, ಬೇರೆ ದರ, ಬೇರೆ ಪೋರ್ಟಲ್. ಇವನ್ನೆಲ್ಲ ಓದಿ, ರೋಗಿಯ ಮನೆಯವರಿಗೆ ಅವರ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಆಸ್ಪತ್ರೆಗಳಿಗೆ ಬೇಕೇ ಬೇಕು. ನನ್ನ ಸಹಪಾಠಿಗಳು ಇಂಗ್ಲಿಷ್ ಬಾರದೆಂದು ಕೊರಗುತ್ತಾರೆ. ವಿಮಾ ಡೆಸ್ಕಿನಲ್ಲಿ ನನಗೆ ಕಂಡದ್ದು ಉಲ್ಟಾ: ಇಂಗ್ಲಿಷಿನ ಪಾಲಿಸಿ ಓದಿ ಕನ್ನಡದಲ್ಲಿ ಹೇಳುವವರ ಕೊರತೆ.

ಇಂಟರ್ನ್‌ಶಿಪ್ ವಿಷಯಕ್ಕೆ ಬಂದರೆ ನನ್ನ ಮೊದಲ ಮೂರು ವಾರ ಟೋಕನ್ ಹಂಚಿದ್ದಷ್ಟೆ. ಜೊತೆಗಿದ್ದ ಒಬ್ಬಳು ಎರಡು ತಿಂಗಳೂ ಅದನ್ನೇ ಮಾಡಿದಳು, ನಗುತ್ತಾ ಪ್ರಮಾಣಪತ್ರ ತೆಗೆದುಕೊಂಡು ಹೋದಳು. ಸ್ಟೈಪೆಂಡ್ ಇಬ್ಬರಿಗೂ ಸೊನ್ನೆ. ಅವಳನ್ನು ನಾನು ದೂರುವುದಿಲ್ಲ. ಕೇಳುವ ಧೈರ್ಯ ನನಗೂ ಆ ಅಜ್ಜನಿಂದ ಬಂದದ್ದು. ಸೇರುವಾಗಲೇ ಯಾವ ವಿಭಾಗ, ಎಷ್ಟು ದಿನ, ಯಾರ ಕೈಕೆಳಗೆ, ದುಡ್ಡು ಉಂಟೋ ಇಲ್ಲವೋ ಎಂಬುದನ್ನು ಪತ್ರದಲ್ಲಿ ಬರೆಸಿಕೊಳ್ಳಿ. ಇಂಟರ್ನ್‌ಶಿಪ್ ಕೊಡಿಸುತ್ತೇವೆಂದು ನಿಮ್ಮಿಂದಲೇ ಹಣ ಕೇಳುವವರ ಹತ್ತಿರ ಹೋಗಲೇಬೇಡಿ. ಎಕ್ಸೆಲ್ ಕಲಿಯಿರಿ, ಅದನ್ನು ನಾನು ಹೇಳಬೇಕಿಲ್ಲ. ವಾರ್ಡಿನ ಸಿಸ್ಟರ್‌ಗಳ ಜೊತೆ ಚಹಾ ಕುಡಿಯಿರಿ, ಇದನ್ನು ಹೇಳಲೇಬೇಕು. ಎಲ್ಲಿ ಏನು ಸಿಕ್ಕಿಕೊಳ್ಳುತ್ತದೆ ಎಂದು ಮ್ಯಾನೇಜರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಪ್ರಾಜೆಕ್ಟ್‌ಗೆಂದು ರೋಗಿಯ ಹೆಸರಿರುವ ಕಡತದ ಫೋಟೊ ಮಾತ್ರ ಮೊಬೈಲಿನಲ್ಲಿ ತೆಗೆಯಬೇಡಿ. ನನ್ನ ಗೆಳೆಯನೊಬ್ಬ ತೆಗೆದು ಗ್ರೂಪಿಗೆ ಹಾಕಿ ಅರ್ಧಕ್ಕೇ ಮನೆಗೆ ಹೋದ.

ನನ್ನ ಪ್ರಾಜೆಕ್ಟ್ ಡಿಸ್ಚಾರ್ಜ್ ಸಮಯದ ಮೇಲೆಯೇ ಆಯಿತು. ತಡದ ಹೆಚ್ಚಿನ ಪಾಲು ಆಸ್ಪತ್ರೆಯೊಳಗಿನದ್ದು ಎಂಬ ಸಾಲನ್ನು ಓದಿ ಅಲ್ಲಿನ ಅಧಿಕಾರಿಯೊಬ್ಬರು ಮುಖ ಸಿಂಡರಿಸಿದರು. ‘ಟಿಪಿಎ ವಿಳಂಬ’ ಎಂದು ಶೀರ್ಷಿಕೆ ಬದಲಿಸಲು ಸೂಚಿಸಿದರು. ಆಸ್ಪತ್ರೆಯ ಹೆಸರು ತೆಗೆಯುತ್ತೇನೆ, ಸಮಯಗಳನ್ನು ತೆಗೆಯುವುದಿಲ್ಲ ಎಂದೆ. ಅಷ್ಟು ಹೊತ್ತಿಗೆ ನನಗೆ ಕೈಕಾಲು ನಡುಗುತ್ತಿದ್ದವು, ಏಕೆಂದರೆ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವರು ಅವರೇ. ಹಾಕಿದರು. ನಾನು ಹೊರಡುವ ವಾರ ಒಂದು ವಾರ್ಡಿನಲ್ಲಿ, ಮರುದಿನ ಮನೆಗೆ ಹೋಗುವವರ ಔಷಧಿಯನ್ನು ಹಿಂದಿನ ಸಂಜೆಯೇ ಫಾರ್ಮಸಿಗೆ ಕಳಿಸಲು ಶುರು ಮಾಡಿದ್ದರು. ಅದು ಈಗಲೂ ನಡೆದಿದೆಯೋ ಇಲ್ಲವೋ, ಬಿಲ್ಲಿಂಗ್ ಅಕ್ಕನಿಗೆ ಫೋನ್ ಮಾಡಿ ಕೇಳಬೇಕು.